ಚಿನ್ನದ ನಾಣ್ಯದ ಹೆಸರೇ ಹಣ

ದಿನಾ ಹಣ, ದುಡ್ಡು, ಕಾಸು ಅನ್ನುತ್ತೇವೆ. ಮೂರೂ ಒಂದು ಕಾಲಕ್ಕೆ ನಾಣ್ಯಗಳ ಹೆಸರು. ದುಡ್ಡು, ಕಾಸು ತಾಮ್ರದವು. ಹಣ ಚಿನ್ನದ್ದು!

ಹಳೆಯ ಶಾಸನಗಳಲ್ಲಿ ಇದು ‘ಪಣ’. ಪಾಲು ಹಾಲಾದ ಹಾಗೆ ಪಣ ಹಣವಾಯಿತು. ‘ಪಣಕ್ಕಿಟ್ಟ’ ಅನ್ನುವಾಗ ಆ ಹಳೇ ರೂಪ ಈಗಲೂ ಬಾಯಿಗೆ ಬರುತ್ತದೆ.

ಮೈಸೂರಿನ ಕಂಠೀರವ ನರಸರಾಜ ಒಡೆಯರು (1638–1659) ಹೊರಡಿಸಿದ ಕಂಠೀರಾಯ ಹಣ ನೋಡಿದ್ದೀರಾ? ಅರ್ಧ ಗ್ರಾಂ ಕೂಡ ತೂಗುವುದಿಲ್ಲ. ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಅಷ್ಟು ಜಾಗದಲ್ಲೇ ನರಸಿಂಹನನ್ನು ಕೂರಿಸಿದ್ದಾರೆ. ಆ ಅಚ್ಚು ಕೆತ್ತಿದವರ ಕೈಗೆ ನಮಸ್ಕಾರ. ಇಂಥ ಹತ್ತು ಹಣ ಸೇರಿದರೆ ಲೆಕ್ಕದಲ್ಲಿ ಒಂದು ವರಾಹ. ಹಣದ ಕಾಲು ಭಾಗ ಹಾಗ.

ವರಾಹ ಅನ್ನುವ ಹೆಸರು ಬಂದದ್ದು ಚಾಲುಕ್ಯರ ಹಂದಿ ಲಾಂಛನದಿಂದ. ಕೃಷ್ಣದೇವರಾಯನ ವರಾಹದ ಮೇಲೆ ಹಂದಿ ಇಲ್ಲ, ಬಾಲಕೃಷ್ಣ ಕೂತಿದ್ದಾನೆ. ಆದರೂ ಜನ ಹೆಸರು ಬಿಡಲಿಲ್ಲ.

ನಾವು ಬಿಟ್ಟೆವು. ಅದೇ ನನಗೆ ಬೇಜಾರು. ಹೊರಗಿನಿಂದ ಬಂದ ವ್ಯಾಪಾರಿಗಳು ವರಾಹವನ್ನು ಪಗೋಡ ಅಂದರು, ಹಣವನ್ನು ಫನಂ ಅಂದರು. ಅವರು ಅನ್ನಲಿ, ತಪ್ಪಿಲ್ಲ. ಒಂದು ಮ್ಯೂಸಿಯಂನ ಕನ್ನಡ ಫಲಕದಲ್ಲೇ ‘ಚಿನ್ನದ ಫನಂ’ ಅಂತ ಬರೆದಿದ್ದರು. ಪಕ್ಕದಲ್ಲಿ ನಿಂತ ಮಗು ಅದನ್ನು ಓದಿ, ಯಾವ ದೇಶದ್ದು ಅಂತ ಅಮ್ಮನನ್ನು ಕೇಳಿತು. ನಮ್ಮ ಮೈಸೂರಿನದು ಕಣಮ್ಮ!

ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ನಾಣ್ಯವೊಂದಿದೆ. ಒಂದು ಬದಿ ಆನೆ. ಇನ್ನೊಂದು ಬದಿ ಕನ್ನಡದಲ್ಲಿ ‘ಮಯಿಲಿ ಕಾಸು’, ಇಂಗ್ಲಿಷಿನಲ್ಲಿ ಇಪ್ಪತ್ತು ಕ್ಯಾಶ್. ಈ ಕ್ಯಾಶ್ ನಮ್ಮ ಕಡೆಯ ಕಾಸೇ, ಪೋರ್ಚುಗೀಸರ ಬಾಯಲ್ಲಿ ತಿರುಗಿ ಇಂಗ್ಲಿಷಿಗೆ ಹೋದದ್ದು. (ಬ್ಯಾಂಕಿನಲ್ಲಿ ಕೊಡುವ ಕ್ಯಾಶ್ ಬೇರೆ. ಅದು ಪೆಟ್ಟಿಗೆ ಅನ್ನುವ ಅರ್ಥದ ಮಾತಿನಿಂದ ಬಂದದ್ದು.) ಆಗ ಎರಡು ಭಾಷೆಯವರಿಗೂ ಅವರವರ ಹೆಸರು ಕೊಟ್ಟಿದ್ದರು. ಈಗ ಒಂದು ಫಲಕದಲ್ಲಿ ಅಷ್ಟು ಮಾಡಲು ಆಗುವುದಿಲ್ವಾ?

1818ರಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ಕಂಪನಿ ಸರ್ಕಾರ ರೂಪಾಯಿಯನ್ನೇ ಮುಖ್ಯ ನಾಣ್ಯ ಮಾಡಿತು. ವರಾಹದ ಲೆಕ್ಕ ಮೆಲ್ಲಗೆ ಹೋಯಿತು. ಹೆಸರೂ ಹೋಗಬೇಕಿಲ್ಲ.

ಕನ್ನಡ ಫಲಕದಲ್ಲಿ, ಶಾಲೆಯ ಪಾಠದಲ್ಲಿ ಮೊದಲು ‘ಹಣ’, ‘ವರಾಹ’ ಅಂತಲೇ ಬರೆಯಿರಿ. ಫನಂ, ಪಗೋಡ ಆಮೇಲೆ ಬರಲಿ. ನಿಮ್ಮ ಮನೆಯ ಹಳೇ ಪತ್ರಗಳಲ್ಲಿ ವರಾಹ, ಹಣ, ಹಾಗದ ಲೆಕ್ಕ ಇದ್ದರೆ ಕಾಮೆಂಟಿನಲ್ಲಿ ಫೋಟೋ ಹಾಕಿ, ಕೂತು ಓದೋಣ.