ಬನಿಯನ್ ಜೇಬು

ಮೈಸೂರಿನಲ್ಲಿ ಮನೆ ಮಾಡಿಕೊಂಡವರು ಮನೆ ಕಂದಾಯ, ನೀರಿನ ಕಂದಾಯಗಳ ಜೊತೆಗೆ ಇನ್ನೊಂದು ಕಂದಾಯವನ್ನೂ ಕಟ್ಟಬೇಕಾಗುತ್ತದೆ. ಊರು ನೋಡಲು ಬಂದ ನೆಂಟರನ್ನು ಅರಮನೆ, ಬೆಟ್ಟ, ಕೆಆರ್‌ಎಸ್ ಎಂದು ಸುತ್ತಿಸಿ ಕರೆತರುವ ಕಂದಾಯ. ಹಿಂದೆಲ್ಲ ಹೊರಡುವ ಮುನ್ನ ಬಾಗಿಲಲ್ಲಿ ನಿಂತು ನೀರಿನ ಬಾಟಲಿ ಇಟ್ಟುಕೊಂಡಿರಾ ಎಂದು ಕೇಳುತ್ತಿದ್ದವನು ಈಗ ಫೋನ್ ಎಲ್ಲಿಟ್ಟುಕೊಂಡಿದ್ದೀರಿ ಎಂದು ಕೇಳುತ್ತೇನೆ. ಈ ಅಭ್ಯಾಸಕ್ಕೆ ಕಾರಣರಾದವರು ದಾವಣಗೆರೆಯ ನಮ್ಮ ಷಡ್ಡಕರು.

ಒಂದು ಭಾನುವಾರ ಸಂಜೆ ಅವರನ್ನು ಅರಮನೆಯ ದೀಪಾಲಂಕಾರಕ್ಕೆ ಕರೆದೊಯ್ದಿದ್ದೆ. ಸುಮಾರು 97,000 ಬಲ್ಬುಗಳು ಒಮ್ಮೆಗೇ ಹೊತ್ತಿಕೊಳ್ಳುವ ಆ ಗಳಿಗೆಯಲ್ಲಿ, ಇಪ್ಪತ್ತನೆಯ ಸಲ ನೋಡುವ ನನ್ನಂಥವನ ಬಾಯೂ ತಾನಾಗಿ ತೆರೆದುಕೊಳ್ಳುತ್ತದೆ. ಅಂಗಳದಲ್ಲಿ ನಿಂತ ಅಷ್ಟೂ ಜನರ ಕತ್ತು ಮೇಲಕ್ಕೆ, ಕೈ ಮೇಲಕ್ಕೆ, ಗಮನವೂ ಮೇಲಕ್ಕೆ. ಕೆಳಗೆ ಏನು ನಡೆದರೂ ಕೇಳುವವರಿಲ್ಲ. ಷಡ್ಡಕರು ನಾಲ್ಕು ಫೋಟೋ ತೆಗೆದು, ಫೋನನ್ನು ಪ್ಯಾಂಟಿನ ಹಿಂದಿನ ಜೇಬಿಗೆ ಇಳಿಬಿಟ್ಟು, ಕೈಕಟ್ಟಿ ನಿಂತರು. ಐದನೆಯ ಫೋಟೋಕ್ಕೆಂದು ಹಿಂದಕ್ಕೆ ಹೋದ ಕೈ ಅಲ್ಲಿಯೇ ನಿಂತಿತು. ಮೊದಲು ಬಲಜೇಬು, ಆಮೇಲೆ ಎಡಜೇಬು, ಆಮೇಲೆ ಅಂಗಿಯ ಜೇಬು, ಮತ್ತೆ ಬಲಜೇಬು. ಒಮ್ಮೆ ಇಲ್ಲದ್ದು ಎರಡನೆಯ ಸಲ ಇದ್ದೀತೆಂಬ ಆಸೆ ಮನುಷ್ಯನಿಗೆ ಅಷ್ಟು ಬೇಗ ಬಿಡುವುದಿಲ್ಲ. ನನ್ನ ಫೋನಿನಿಂದ ಕರೆ ಮಾಡಿದಾಗ ಎರಡು ಸಲ ರಿಂಗಾಯಿತು. ಮೂರನೆಯದಕ್ಕೆ ಸ್ವಿಚ್ ಆಫ್.

ನನ್ನ ಅಜ್ಜಿ ಮದ್ದೂರಿನ ಕಡೆಯಿಂದ ಆಷಾಢ ಶುಕ್ರವಾರಕ್ಕೆ ಚಾಮುಂಡಿ ಬೆಟ್ಟಕ್ಕೆ ಬರುತ್ತಿದ್ದಾಗ ಸೊಂಟದಲ್ಲಿ ಒಂದು ಸಂಚಿ ಇರುತ್ತಿತ್ತು. ಅದರೊಳಗೆ ಎಲೆ, ಅಡಿಕೆ, ಸುಣ್ಣದ ಡಬ್ಬಿ, ಅವುಗಳ ಹಿಂದಿನ ಅರೆಯಲ್ಲಿ ಎಂಟು ಮಡಿಕೆ ಮಾಡಿದ ನೋಟು. ಆ ಕಾಲದ ನೂಕುನುಗ್ಗಲೇನೂ ಕಡಿಮೆಯದಾಗಿರಲಿಲ್ಲ, ಕಿಸೆಗಳ್ಳರೂ ಇದ್ದರು. ಆದರೂ ಅಜ್ಜಿಯ ನೋಟು ಒಮ್ಮೆಯೂ ಕಳುವಾಗಲಿಲ್ಲ. ಏಕೆಂದರೆ ಆ ನೋಟು ದಿನಕ್ಕೊಮ್ಮೆ, ಅದೂ ಗೋಡೆಯ ಕಡೆ ತಿರುಗಿ ನಿಂತಾಗ ಮಾತ್ರ, ಹೊರಗೆ ಬರುತ್ತಿತ್ತು. ಫೋನಿನ ಪಾಡು ಹಾಗಲ್ಲ. ದೇವರಾಜ ಮಾರುಕಟ್ಟೆಯಲ್ಲಿ ಒಂದು ಮೊಳ ಮಲ್ಲಿಗೆಗೆ ದುಡ್ಡು ಕೊಡಲು ಅದೇ ಬೇಕು, ದಾರಿ ತೋರಿಸಲು, ಟಿಕೆಟ್ ತೋರಿಸಲು, ಫೋಟೋಕ್ಕೆ ಎಲ್ಲಕ್ಕೂ ಅದೇ ಬೇಕು. ಗಂಟೆಗೆ ಹತ್ತು ಸಲ ನಾಲ್ಕು ಜನರ ಮುಂದೆ ತೆಗೆದು ತೋರಿಸುವ ವಸ್ತುವನ್ನು ಬಚ್ಚಿಡುವುದೆಂದರೆ ಹೇಗೆ? ಪ್ರವಾಸಿಗನಂತೂ ಅದನ್ನು ತಾನು ಯಾವ ಜೇಬಿಗೆ ಹಾಕಿಕೊಂಡೆನೆಂಬುದನ್ನು ಊರಿಗೆಲ್ಲ ತೋರಿಸಿಯೇ ಹಾಕಿಕೊಳ್ಳುತ್ತಾನೆ. ಹಿಂಜೇಬಿಗಿಂತ ಮುಂಜೇಬು ವಾಸಿ, ಬೆನ್ನಿನ ಬ್ಯಾಗಿಗಿಂತ ಎದೆಗೆ ತಿರುಗಿಸಿಕೊಂಡ ಬ್ಯಾಗು ವಾಸಿ. ಆದರೆ ಬಸ್ಸಿನ ಮೆಟ್ಟಿಲಲ್ಲಿ ಹಿಂದಿನವರು ನೂಕುವಾಗ ಇವೂ ಅಷ್ಟಕ್ಕಷ್ಟೇ.

ಆದ್ದರಿಂದ ಫೋನ್ ಹೋದರೂ ಅದರ ಜೊತೆಗೆ ಉಳಿದದ್ದೆಲ್ಲ ಹೋಗದಂತೆ ನೋಡಿಕೊಳ್ಳುವುದೇ ಮೊದಲ ಕೆಲಸವೆಂಬುದು ಆ ರಾತ್ರಿ ನಮಗೆ ತಿಳಿಯಿತು. ಷಡ್ಡಕರು ಪರದೆಗೆ ಲಾಕ್ ಇದೆಯೆಂದು ಧೈರ್ಯವಾಗಿದ್ದರು. ಕಳ್ಳನಿಗೆ ಪರದೆ ಬೇಕಾಗಿಲ್ಲ. ಸಿಮ್ಮನ್ನು ಕಿತ್ತು ಬೇರೆ ಫೋನಿಗೆ ಹಾಕಿದರೆ ಬ್ಯಾಂಕಿನ ಒಟಿಪಿ ಅಲ್ಲಿಗೇ ಬಂದು ಬೀಳುತ್ತದೆ. ಸಿಮ್ಮಿಗೂ ಪ್ರತ್ಯೇಕ ಪಿನ್ ಇಟ್ಟಿದ್ದರೆ, ಮೂರು ಸಲ ತಪ್ಪು ಒತ್ತಿದೊಡನೆ ಅದು ಬಾಗಿಲು ಹಾಕಿಕೊಳ್ಳುತ್ತಿತ್ತು. ಈ ಸಣ್ಣ ಚಿಲಕ ಎಲ್ಲ ಫೋನಿನ ಸೆಟ್ಟಿಂಗ್ಸ್‌ನಲ್ಲಿಯೂ ಇದೆ, ನಾವು ಯಾರೂ ಹಾಕಿರಲಿಲ್ಲ. ಮೊದಲು ಸಿಮ್ ನಿಲ್ಲಿಸಲು ಹೇಳಿ, ಬ್ಯಾಂಕಿಗೆ ತಿಳಿಸಿ, ಠಾಣೆಯಲ್ಲಿ ದೂರು ಕೊಡಲು ಕುಳಿತಾಗ ಐಎಂಇಐ, ಅಂದರೆ ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ, ಕೇಳಿದರು. 15 ಅಂಕಿಯ ಆ ಸಂಖ್ಯೆ *#06# ಒತ್ತಿದರೆ ಪರದೆಯ ಮೇಲೆಯೇ ಕಾಣುತ್ತದೆಯಂತೆ. ಒತ್ತಲು ಫೋನ್ ಇರಬೇಕಷ್ಟೆ. ಸಂಖ್ಯೆಯಿದ್ದ ಡಬ್ಬ ದಾವಣಗೆರೆಯ ಮನೆಯ ಅಟ್ಟದ ಮೇಲಿತ್ತು. ರಾತ್ರಿ ಹತ್ತು ಗಂಟೆಗೆ ನನ್ನ ಹೆಂಡತಿಯ ಅಕ್ಕ ಸ್ಟೂಲು ಹತ್ತಿ, ಡಬ್ಬದ ಧೂಳು ಕೊಡವಿ, ಒಂದೊಂದೇ ಅಂಕಿ ಓದಿ ಹೇಳಿದರು. ನಡುನಡುವೆ ಹಿಂಜೇಬಿನ ಬಗ್ಗೆ ಅವರು ಆಡಿದ ಮಾತುಗಳನ್ನು ನಾನು ಬರೆದುಕೊಳ್ಳಲಿಲ್ಲ.

ದೂರಿನ ಪ್ರತಿ ಕೈಗೆ ಬಂದು, ಹಳೆಯ ನಂಬರಿಗೆ ಹೊಸ ಸಿಮ್ ಸಿಕ್ಕ ಮೇಲೆ, 2023ರ ಮೇ ತಿಂಗಳಿನಿಂದ ದೇಶಕ್ಕೆಲ್ಲ ತೆರೆದಿರುವ ಸರ್ಕಾರದ ಸಂಚಾರ ಸಾಥಿ ಜಾಲತಾಣದಲ್ಲಿ ಆ ಐಎಂಇಐ ಸಂಖ್ಯೆಯನ್ನು ನಿರ್ಬಂಧಿಸಿದೆವು. ಹಾಗೆ ಮಾಡಿದರೆ ಯಾವ ಸಿಮ್ ಹಾಕಿದರೂ ಈ ದೇಶದ ಯಾವ ಕಂಪನಿಯ ಜಾಲದಲ್ಲಿಯೂ ಆ ಫೋನ್ ಉಸಿರಾಡುವುದಿಲ್ಲ. ಅದು ಮರಳಿ ಬರಲಿಲ್ಲವಾದರೂ, ಕದ್ದವನಿಗೂ ದಕ್ಕಲಿಲ್ಲವೆಂಬ ಸಮಾಧಾನವನ್ನು ಷಡ್ಡಕರು ಕಾಫಿಯೊಂದಿಗೆ ಬಹಳ ದಿನ ಚಪ್ಪರಿಸಿದರು.

ಮುಂದಿನ ದಸರೆಗೆ ಅವರು ಅಕ್ಕನ ಸಮೇತ ಬಂದರು. ಜಂಬೂ ಸವಾರಿಯ ದಿನ ಬೆಳಿಗ್ಗೆ ಅಂಗಿ ತೊಡುವಾಗ ನೋಡುತ್ತೇನೆ, ಬನಿಯನ್ನಿನ ಎದೆಗೆ ಅಕ್ಕ ಹಳೆಯ ದಿಂಬಿನ ಕವರಿನಿಂದ ಒಂದು ಜೇಬು ಹೊಲಿದಿದ್ದರು. ಅದರ ಬಾಯಿಗೆ ಎರಡು ಪಿನ್ನು, ಮೇಲೆ ಅಂಗಿ, ಅಂಗಿಯ ಮೇಲೆ ಗುಂಡಿ ಹಾಕಿದ ಕೋಟು. ಐಎಂಇಐ ಬರೆದ ಚೀಟಿ ಅಕ್ಕನ ಪರ್ಸಿನಲ್ಲಿ. "ಈ ಸಲ ಯಾವನು ತೆಗೀತಾನೋ ನೋಡೋಣ" ಎಂದು ಷಡ್ಡಕರು ಎದೆ ತಟ್ಟಿಕೊಂಡರು.

ಮಧ್ಯಾಹ್ನದ ಬಿಸಿಲಿನಲ್ಲಿ ನಾಲ್ಕು ಗಂಟೆ ಕಾದ ಮೇಲೆ, ಸ್ತಬ್ಧಚಿತ್ರಗಳೆಲ್ಲ ಸರಿದು, 750 ಕಿಲೋ ತೂಕದ ಚಿನ್ನದ ಅಂಬಾರಿಯನ್ನು ಹೊತ್ತ ಆನೆ ತಿರುವಿನಲ್ಲಿ ಕಾಣಿಸಿತು. ಜನ ಎದ್ದು ನಿಂತರು. ಷಡ್ಡಕರು ಕೋಟಿನ ಗುಂಡಿ ಬಿಚ್ಚಿದರು, ಅಂಗಿಯ ಗುಂಡಿ ಬಿಚ್ಚಿದರು, ಮೊದಲ ಪಿನ್ನು ತೆಗೆದರು. ಎರಡನೆಯ ಪಿನ್ನು ಬನಿಯನ್ನಿನ ದಾರಕ್ಕೆ ಸಿಕ್ಕಿಕೊಂಡಿತು. ಅಕ್ಕ "ಬೇಗ, ಬೇಗ" ಎಂದರು. ಫೋನ್ ಹೊರಗೆ ಬಂದು, ಲಾಕ್ ತೆರೆದು, ಕ್ಯಾಮೆರಾ ಕಣ್ಣು ಬಿಡುವಷ್ಟರಲ್ಲಿ ಅಂಬಾರಿ ಮುಂದೆ ಹೋಗಿತ್ತು.

ಆ ದಸರೆಯ ಅವರ ಏಕೈಕ ಚಿತ್ರ ಈಗಲೂ ಅವರ ಫೋನಿನ ಮುಖಪರದೆಯಲ್ಲಿದೆ: ಬಣ್ಣ ಬಳಿದ ಒಂದು ದೊಡ್ಡ ಬೆನ್ನು, ಜರಿಯ ಜೂಲಿನ ಅಂಚು, ಅದರ ಕೆಳಗೆ ಸ್ಪಷ್ಟವಾಗಿ ಮೂಡಿದ ಬಾಲ.