ಮೆಟ್ಟಿಲ ಬಾಗಿಲಿಗೆ ಬೀಗ ಯಾಕ್ರೀ?

ಇವತ್ತು ಬೆಳಿಗ್ಗೆ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್ ಕೆಟ್ಟಿತ್ತು. ಐದನೇ ಮಹಡಿಯಿಂದ ಹಿಂದಿನ ಮೆಟ್ಟಿಲಲ್ಲಿ ಇಳಿಯೋಣ ಅಂತ ಹೊರಟೆ. ನಾಲ್ಕನೇ ಮಹಡಿ ತಿರುವಿನಲ್ಲಿ ಚಪ್ಪಲಿ ಸ್ಟ್ಯಾಂಡು, ಮಕ್ಕಳ ಸೈಕಲ್ಲು, ಯಾರದೋ ಹಳೇ ಹಾಸಿಗೆ. ಎರಡನೇ ಮಹಡಿಯಲ್ಲಿ ಪೇಂಟ್ ಡಬ್ಬ, ಮೂಗಿಗೆ ಹೊಡೆಯುವ ಥಿನ್ನರ್ ವಾಸನೆ. ಎಲ್ಲ ದಾಟಿ ಕೆಳಗೆ ಬಂದರೆ ಕಬ್ಬಿಣದ ಬಾಗಿಲಿಗೆ ಬೀಗ! ಮೇಲೆ ಹಸಿರು ಅಕ್ಷರದಲ್ಲಿ 'ತುರ್ತು ನಿರ್ಗಮನ' ಅಂತ ಬರೆದಿದೆ. ಕೀ ಸೆಕ್ರೆಟರಿ ಹತ್ತಿರ ಇದೆಯಂತೆ. ಅವರು ಊರಲ್ಲಿಲ್ಲವಂತೆ.

ಸಿಟ್ಟು ನೆತ್ತಿಗೇರಿತು. ಫೋನ್ ಮಾಡಿದೆ. "ಕಳ್ಳರ ಕಾಟ ಸಾರ್, ಅದಕ್ಕೇ ಬೀಗ. ಬೆಂಕಿಗಿಂಕಿ ಎಲ್ಲ ನಮ್ಮಲ್ಲಿ ಎಲ್ಲಿ ಆಗುತ್ತೆ?" ಅಂದರು.

ಎಲ್ಲಿ ಆಗುತ್ತೆ ಅಂದ್ರೆ? ಇದೇ ಬೆಂಗಳೂರಲ್ಲಿ ಆಗಿದೆ. 1981ರ ಫೆಬ್ರವರಿ 7ರಂದು ವೀನಸ್ ಸರ್ಕಸ್ಸಿನ ಡೇರೆ ಹೊತ್ತಿ ಉರಿಯಿತು. 92 ಜನ ಸತ್ತರು, ಹೆಚ್ಚಿನವರು ಮಕ್ಕಳು. ಆಮೇಲೆ ನಮ್ಮಮ್ಮ ನಮ್ಮನ್ನು ಯಾವ ಸರ್ಕಸ್ಸಿಗೂ ಕರೆದುಕೊಂಡು ಹೋಗಲಿಲ್ಲ. ಎಷ್ಟು ಹಟ ಮಾಡಿದರೂ ಇಲ್ಲ.

ಕಾರ್ಲ್‌ಟನ್ ಟವರ್ಸ್ ಮರೆತುಬಿಟ್ಟಿರಾ? 2010ರ ಫೆಬ್ರವರಿ 23. ಹಳೇ ಏರ್‌ಪೋರ್ಟ್ ರಸ್ತೆ, ಹಾಡಹಗಲು, ಆಫೀಸುಗಳ ತುಂಬ ಜನ. ಕರೆಂಟಿನ ವೈರು ಹೋಗುವ ಡಕ್ಟಿನಲ್ಲಿ ಬೆಂಕಿ ಹತ್ತಿತು. ಜ್ವಾಲೆಗಿಂತ ಹೊಗೆ ಜಾಸ್ತಿ. ಅದು ಮೇಲಿನ ಮಹಡಿಗಳಿಗೆ ನುಗ್ಗಿತು. ಹೊರಗೆ ಹೋಗುವ ಬಾಗಿಲಿಗೆ ಬೀಗ. ಜನ ಕಿಟಕಿ ಗಾಜು ಒಡೆದು, ಒಂದು ಉಸಿರಿಗೆ ಮುಖ ಹೊರಗೆ ಚಾಚಿ ನಿಂತಿದ್ದನ್ನು ನಾನು ಟಿವಿಯಲ್ಲಿ ನೋಡಿದ್ದೇನೆ. ತಡೆಯಲಾಗದೆ ಕೆಲವರು ಅಲ್ಲಿಂದಲೇ ಹಾರಿದರು. 9 ಜೀವ ಹೋಯಿತು. ಅಲ್ಲಿ ಮಗನನ್ನು ಕಳೆದುಕೊಂಡ ತಂದೆಯೊಬ್ಬರು 'ಬಿಯಾಂಡ್ ಕಾರ್ಲ್‌ಟನ್' ಅಂತ ಸಂಸ್ಥೆ ಕಟ್ಟಿ, ಇನ್ನೊಬ್ಬರ ಮಕ್ಕಳಿಗೆ ಹೀಗಾಗದಿರಲಿ ಅಂತ ವರ್ಷಗಟ್ಟಲೆ ಓಡಾಡಿದರು. ನಾವು ಮಾತ್ರ ಮೆಟ್ಟಿಲ ಮೇಲೆ ಚಪ್ಪಲಿ ಸ್ಟ್ಯಾಂಡು ಇಡುತ್ತೇವೆ.

2018ರ ಜನವರಿಯಲ್ಲಿ ಕಲಾಸಿಪಾಳ್ಯದ ಬಾರಿನೊಳಗೆ ಮಲಗಿದ್ದ 5 ಕೆಲಸಗಾರರು ಸತ್ತರು. 2021ರಲ್ಲಿ ದೇವರಚಿಕ್ಕನಹಳ್ಳಿಯ ಅಪಾರ್ಟ್‌ಮೆಂಟಿನಲ್ಲಿ ತಾಯಿ, ಮಗಳು. ಬಾಲ್ಕನಿಗೆ ಗ್ರಿಲ್ ಹಾಕಿತ್ತು. ಆ ವಿಡಿಯೋ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇವತ್ತು ನಮ್ಮ ಬ್ಲಾಕಿನ ಬಾಲ್ಕನಿಗಳನ್ನು ಕೆಳಗೆ ನಿಂತು ಎಣಿಸಿದೆ. 26ರಲ್ಲಿ 22ಕ್ಕೆ ಗ್ರಿಲ್. ತೆರೆಯೋಕೆ ಒಂದು ಕಿಂಡಿಯಾದರೂ ಬೇಡವಾ? ಯಾವುದಕ್ಕೂ ಇಲ್ಲ.

ಕಳ್ಳರ ಭಯ ನನಗೂ ಇದೆ. ಅದಕ್ಕೆ ಪ್ಯಾನಿಕ್ ಬಾರ್ ಅಂತ ಬರುತ್ತದೆ. ಒಳಗಿಂದ ತಳ್ಳಿದರೆ ಬಾಗಿಲು ತೆರೆಯುತ್ತದೆ, ಹೊರಗಿಂದ ತೆರೆಯುವುದಿಲ್ಲ. ಗೇಟಿನ ಎದುರು ಬಣ್ಣದ ಕಾರಂಜಿ ಮಾಡಿಸೋಕೆ ದುಡ್ಡಿತ್ತು, ಇದಕ್ಕಿಲ್ವಾ?

ನಮ್ಮಮ್ಮನಿಗೆ ಮಂಡಿ ನೋವು. ಕೈಹಿಡಿದು ನಡೆಸಿದರೆ ಒಂದು ಮಹಡಿ ಇಳಿಯೋಕೆ ಐದು ನಿಮಿಷ. ಹೊಗೆಯಲ್ಲಿ ಅವರನ್ನು ಕೆಳಗೆ ತಂದ ಮೇಲೆ ಆ ಬೀಗದ ಮುಂದೆ ನಿಂತು ನಾನೇನು ಮಾಡಲಿ? ಸೆಕ್ರೆಟರಿಗೆ ಫೋನ್ ಮಾಡಲಾ?

ಭಾನುವಾರ ಮೀಟಿಂಗ್ ಇದೆ. ಅಷ್ಟರೊಳಗೆ ಆ ಬೀಗ ಹೋಗಬೇಕು, ಮೆಟ್ಟಿಲು ಖಾಲಿಯಾಗಬೇಕು. ಇಲ್ಲದಿದ್ದರೆ ಅಗ್ನಿಶಾಮಕ ಠಾಣೆಗೆ ನಾನೇ ಫೋಟೋ ಸಮೇತ ದೂರು ಕೊಡುತ್ತೇನೆ. ಯಾರು ಬೇಕಾದರೂ ಬೇಜಾರು ಮಾಡಿಕೊಳ್ಳಲಿ.