ಅಮೆರಿಕದ ಮಾವ ವಿಮಾನ ತರುತ್ತಾರಂತೆ

ಪಣಂಬೂರು ಬೀಚಿನಲ್ಲಿ ಗಾಳಿಪಟ ಬಿಟ್ಟವರೆಲ್ಲ ಕಾನೂನಿನ ಲೆಕ್ಕದಲ್ಲಿ ವಿಮಾನ ಹಾರಿಸಿದವರೇ. ತಮಾಷೆ ಅಲ್ಲ. 1934ರ ವಿಮಾನ ಕಾಯ್ದೆಯಲ್ಲೇ ಹಾಗೆ ಬರೆದಿತ್ತು. ಗಾಳಿಯ ಆಸರೆಯಲ್ಲಿ ಮೇಲೆ ನಿಲ್ಲುವ ಯಂತ್ರವೆಲ್ಲ ವಿಮಾನ. ಬಲೂನು, ಗ್ಲೈಡರ್, ಜೊತೆಗೆ ಗಾಳಿಪಟ. ಬಜ್ಪೆಯಲ್ಲಿ ಇಳಿಯುವ ಬೋಯಿಂಗೂ, ನಿಮ್ಮ ಮಗ ಚರುಮುರಿ ತಿನ್ನುತ್ತಾ ಬಿಟ್ಟ ಪಟವೂ ಒಂದೇ ಪಟ್ಟಿಯಲ್ಲಿ. ಬ್ರಿಟಿಷರು ಹೋದರು, ಕಾಯ್ದೆ ಹೋಗಲಿಲ್ಲ. ಅದು ಮೂಲೆ ಸೇರಿದ್ದು 2025ರ ಜನವರಿಯಲ್ಲಿ, ಭಾರತೀಯ ವಾಯುಯಾನ ಅಧಿನಿಯಮ ಜಾರಿಗೆ ಬಂದ ಮೇಲೆ.

ಇಂಥ ದೇಶಕ್ಕೆ ನಮ್ಮ ಮಾವ ನಿಜವಾದ ವಿಮಾನವನ್ನೇ ತರಲು ಹೊರಟಿದ್ದಾರೆ. ಅಮೆರಿಕದಲ್ಲಿ ರಿಟೈರ್ ಆಗಿ ಉಡುಪಿ ಹತ್ತಿರದ ತೋಟದ ಮನೆಗೆ ಬಂದವರು. ಅಲ್ಲಿ ಭಾನುವಾರ ಬಂದರೆ ಲೈಟ್ ಸ್ಪೋರ್ಟ್ ವಿಮಾನ ಹಾರಿಸುತ್ತಿದ್ದರು. ಎರಡು ಸೀಟು, ಒಂದು ಇಂಜಿನ್. ಅಲ್ಲಿನ 2004ರ ನಿಯಮದ ಪ್ರಕಾರ ಜನ, ಪೆಟ್ರೋಲು, ಸಾಮಾನು ಎಲ್ಲ ಸೇರಿ 600 ಕಿಲೋ ದಾಟುವಂತಿರಲಿಲ್ಲ. ಲೈಸೆನ್ಸಿಗೆ ಕನಿಷ್ಠ 20 ಗಂಟೆಯ ತರಬೇತಿ. ಡಾಕ್ಟರ ಸರ್ಟಿಫಿಕೇಟ್ ಬದಲು ಕಾರಿನ ಡ್ರೈವಿಂಗ್ ಲೈಸೆನ್ಸ್ ತೋರಿಸಿದರೂ ನಡೆಯುತ್ತದೆ.

"ಡಿಎಲ್ ನನಗೆ ಇಲ್ಲಿಯೂ ಉಂಟಲ್ಲ ಮಾರಾಯ" ಎಂದರು ಮಾವ.

ಉಂಟು. ಆದರೆ ನಮ್ಮಲ್ಲಿ ಡಿಎಲ್ ನಂಬಿ ಜನರನ್ನು ರೋಡಿಗೆ ಬಿಟ್ಟದ್ದೇ ಜಾಸ್ತಿ ಆಗಿದೆ. ಈ ಪುಟ್ಟ ವಿಮಾನ ಗಂಟೆಗೆ 83 ಕಿಲೋಮೀಟರಿಗೆ ನಿಧಾನ ಮಾಡಿದರೂ ಬೀಳದೆ ಹಾರಬೇಕು ಎಂಬ ಷರತ್ತು ಅಲ್ಲಿತ್ತು. ಆ ಲೆಕ್ಕಕ್ಕೆ ಮಂಗಳೂರು–ಉಡುಪಿ ಎಕ್ಸ್‌ಪ್ರೆಸ್ ಬಸ್ಸಿಗೆ ಮೂಲ್ಕಿ ದಾಟಿದ ಮೇಲೆ ರೆಕ್ಕೆ ಒಂದೇ ಬಾಕಿ.

ಇಲ್ಲಿ ಪ್ರೈವೇಟ್ ಪೈಲಟ್ ಲೈಸೆನ್ಸಿಗೆ 40 ಗಂಟೆ ಹಾರಬೇಕು, ಮೆಡಿಕಲ್ ಪಾಸಾಗಬೇಕು. ಮೈಕ್ರೋಲೈಟ್ ಎಂಬ ಪುಟ್ಟ ಹಗುರ ವಿಮಾನ ಇಟ್ಟುಕೊಳ್ಳುವುದಕ್ಕೂ ಗೃಹ ಸಚಿವಾಲಯದ ಭದ್ರತಾ ಒಪ್ಪಿಗೆ ಬೇಕು ಎಂದಾಗ ಮಾವ ಸ್ವಲ್ಪ ಬೇಜಾರಾದರು. ಅವರು ಜೀವಮಾನದಲ್ಲಿ ಮಾಡಿದ ದೊಡ್ಡ ಕುತಂತ್ರ ಎಂದರೆ ಸೊಸೈಟಿ ಎಲೆಕ್ಷನ್‌ಗೆ ನಿಂತದ್ದು. ಅದರಲ್ಲೂ ಸೋತರು.

ವಿಮಾನದ ರೇಡಿಯೋದಲ್ಲಿ ಮಾತಾಡಲು ಮತ್ತೊಂದು ಲೈಸೆನ್ಸು. ಹಾರುವುದಕ್ಕೆ ವಿಮಾನಯಾನ ನೋಡಿಕೊಳ್ಳುವ ಡಿಜಿಸಿಎಯ ಪರೀಕ್ಷೆ, ಮಾತಾಡುವುದಕ್ಕೆ ದೂರಸಂಪರ್ಕ ಇಲಾಖೆಯ ಪರೀಕ್ಷೆ ಎಂದು ಎಷ್ಟೋ ವರ್ಷ ನಡೆಯಿತು. ಹೊಸ ಕಾನೂನು ಬಂದ ಮೇಲೆ ಎರಡೂ ಒಂದೇ ಕಡೆ. (ಮಾತಾಡುವ ಮೊದಲು ಪರೀಕ್ಷೆ ಎಂಬುದನ್ನು ಟಿವಿ ಚರ್ಚೆಗೂ ತಂದರೆ ಎಷ್ಟು ಒಳ್ಳೆಯದಿತ್ತು!)

ಇಷ್ಟೆಲ್ಲ ಆಯಿತು ಅಂತಲೇ ಇಟ್ಟುಕೊಳ್ಳಿ. ಬಜ್ಪೆಯಿಂದ ಎದ್ದು ಮಲ್ಪೆ ಬೀಚಿನ ಮೇಲೆ ಒಂದು ಸುತ್ತು ಹೊಡೆಯಬೇಕು. ಗಾಳಿಯಲ್ಲಿ ಕಾಲು ಗಂಟೆಯ ದಾರಿ. ಅದಕ್ಕೆ ಫ್ಲೈಟ್ ಪ್ಲಾನ್ ಕೊಟ್ಟು ಎರಡು ನಂಬರು ಪಡೆಯಬೇಕು. ಒಂದು ಹಾರಾಟ ಮಾಹಿತಿ ಕೇಂದ್ರದ ಎಫ್‌ಐಸಿ, ಇನ್ನೊಂದು ವಾಯುರಕ್ಷಣೆಯವರ ಒಪ್ಪಿಗೆಯ ಎಡಿಸಿ. ನಮ್ಮ ಆಕಾಶ ಚೆನ್ನೈ ವಲಯಕ್ಕೆ ಸೇರಿದ್ದು. ಹಾಗಾಗಿ ಮಲ್ಪೆಯಲ್ಲಿ ಬೋಟು ಬಂತಾ ಇಲ್ಲವಾ ಎಂದು ಮೇಲಿಂದ ಇಣುಕುವ ವಿಷಯ ಬಂಗಾಳ ಕೊಲ್ಲಿಯ ದಡದವರಿಗೂ ಗೊತ್ತಿರಬೇಕು. ಕಣ್ಣಲ್ಲೇ ದಾರಿ ನೋಡಿಕೊಂಡು ಹಾರುವವರು ಸೂರ್ಯ ಮುಳುಗಿ 20 ನಿಮಿಷದೊಳಗೆ ಕೆಳಗೆ ಇಳಿದಿರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕಡೆ ಸೂರ್ಯ ಹುಟ್ಟಿದನೋ ಮುಳುಗಿದನೋ ಯಾರಿಗೆ ಗೊತ್ತಾಗುತ್ತದೆ?

ತೂಕದ ಲೆಕ್ಕ ಮನೆಯಲ್ಲೇ ಆಯಿತು, ಅಡಿಕೆ ತೂಗುವ ತಕ್ಕಡಿಯಲ್ಲಿ. ಖಾಲಿ ವಿಮಾನವೇ 350 ಕಿಲೋ. ನೂರು ಲೀಟರ್ ಪೆಟ್ರೋಲು 70ರ ಮೇಲೆ. ಮಾವ 92. ಅತ್ತೆ ಚಪ್ಪಲಿ ಬಿಚ್ಚಿ, ಕತ್ತಿನ ಸರವನ್ನೂ ತೆಗೆದಿಟ್ಟು ನಿಂತರು. 81. ಮಾವ ಚೀಟಿಯಲ್ಲಿ ಕೂಡಿಸಿ ನೋಡಿದರು. ಉಳಿದದ್ದು ಐದಾರು ಕಿಲೋ.

"ಹಾಗಾದರೆ ಹಲಸಿನ ಹಣ್ಣು?" ಅಂದರು ಅತ್ತೆ. ತವರಿಗೆ ಬರಿಗೈಯಲ್ಲಿ ಹೋಗುವ ಅಭ್ಯಾಸ ಅವರಿಗಿಲ್ಲ.

ಅಮೆರಿಕದವರು 2025ರಲ್ಲಿ ಸ್ಪೋರ್ಟ್ ಪೈಲಟ್‌ಗಳಿಗಿದ್ದ 600 ಕಿಲೋದ ಮಿತಿಯನ್ನೇ ತೆಗೆದುಹಾಕಿದರು ಎಂದು ನಾನು ಹೇಳಿದೆ. ಅತ್ತೆಗೆ ಆ ದೇಶದ ಮೇಲೆ ಮೊದಲ ಸಲ ಗೌರವ ಬಂತು. ಮಾವನ ಹಳೇ ವಿಮಾನದ ರೆಕ್ಕೆಗೆ ಮಾತ್ರ ಈ ಸುದ್ದಿ ಇನ್ನೂ ಮುಟ್ಟಿಲ್ಲ.

ಪೆಟ್ರೋಲಿನದು ಬೇರೆಯೇ ಕತೆ. ಮಾವನ ವಿಮಾನಕ್ಕೆ ಇರುವುದು ರೋಟಾಕ್ಸ್ 912 ಇಂಜಿನ್. ಕಾರಿಗೆ ಹಾಕುವ ಪೆಟ್ರೋಲೇ ಅದಕ್ಕೂ ಆಗುತ್ತದೆ ಎಂದು ಮಾವ ಊರೆಲ್ಲ ಹೇಳಿಕೊಂಡು ಬಂದಿದ್ದರು. ಆಗುತ್ತದೆ, ಎಥನಾಲ್ ನೂರಕ್ಕೆ 10ರ ಒಳಗಿದ್ದರೆ. ನಮ್ಮ ಬಂಕಿನಲ್ಲಿ ಸಿಗುವುದು 20ರದ್ದು. ಮಾವ ಬಂಕಿಗೆ ಹೋಗಿ ಎಥನಾಲ್ ಇಲ್ಲದ್ದು ಉಂಟಾ ಎಂದು ಕೇಳಿದರು. ಪೈಪು ಹಿಡಿದ ಹುಡುಗ ಅವರನ್ನು ಮೇಲಿಂದ ಕೆಳಗೆ ನೋಡಿದ.

"ಗಾಡಿ ಯಾವುದು ಸಾರ್?"

"ವಿಮಾನ."

"ಇಲ್ಲಿ ತರಬೇಕು ಸಾರ್. ಕ್ಯಾನಿಗೆ ಹಾಕುವುದಿಲ್ಲ."

ಬಜ್ಪೆಯ ಸಹವಾಸವೇ ಬೇಡ, ತೋಟದಲ್ಲೇ ರನ್‌ವೇ ಮಾಡುತ್ತೇನೆ ಎಂಬುದು ಮಾವನ ಈಗಿನ ಹಟ. ಮುನ್ನೂರು ಮೀಟರ್ ಸಾಕಂತೆ. ಕೃಷಿ ಭೂಮಿ, ಕನ್ವರ್ಷನ್ ಆಗಬೇಕು. ಕಳೆದ ವಾರ ಆರ್‌ಟಿಸಿ ಹಿಡಿದುಕೊಂಡು ತಾಲೂಕು ಆಫೀಸಿಗೆ ಹೋದರು. ಅಲ್ಲಿದ್ದವರು ಪಾಪ ಒಳ್ಳೆಯವರು, ಕೂರಿಸಿ ಮಾತಾಡಿಸಿದರು. ಬೆಳೆಯ ಕಾಲಂನಲ್ಲಿ ಅಡಿಕೆ ಎಂದಿದೆ, ಅದನ್ನು ತೆಗೆದರೆ ಏನು ಬರೆಯುವುದು ಎಂಬಲ್ಲಿಗೆ ಫೈಲು ನಿಂತಿದೆ. ರನ್‌ವೇ ಖುಷ್ಕಿಯೋ ಬಾಗಾಯ್ತೋ ಎಂದು ಮೇಲಿನವರಿಗೆ ಪತ್ರ ಹೋಗಿದೆಯಂತೆ. ಉತ್ತರ ಬರುವವರೆಗೆ ಅಡಿಕೆಗೆ ಮದ್ದು ಬಿಡುವುದನ್ನು ನಿಲ್ಲಿಸಬೇಡಿ ಎಂದು ಅತ್ತೆ ಆಳುಗಳಿಗೆ ಹೇಳಿಟ್ಟಿದ್ದಾರೆ.